ಶಿವಗಂಗವ್ವನಿಗೆ ಬೇಕಾದ ಅಂಗಳ

ಮರೆವಿಗೆ ಮದ್ದು ಸಿಗಲಿಲ್ಲ, ಸಿಕ್ಕಿದ್ದು ಊರುಗೋಲು. ಕೋಲು ಕಾಲಿನ ಜಾಗವನ್ನು ತುಂಬಲಾರದು, ಆದರೆ ಬಾಗಿಲಿನವರೆಗೆ ನಡೆಸುತ್ತದೆ. ‘ಆಸರೆ’ ಎಂಬ ಗುಂಡಿ ಮಾಡುತ್ತಿದ್ದುದೂ ಅಷ್ಟೇ. ಹುಣಸೆಬೀಜದಷ್ಟಿದ್ದ ಅದು ಕಿವಿಯ ಹಿಂದೆ ಚರ್ಮಕ್ಕೆ ಅಂಟಿಕೊಂಡು ಕೂರುತ್ತಿತ್ತು. ನೆನಪು ಗಟ್ಟಿಯಾಗಿರುವಾಗಲೇ ತೊಡಿಸಿದರೆ, ತೊಟ್ಟವರು ಆಡಿದ ಮಾತನ್ನೂ ಕೇಳಿದ ಮಾತನ್ನೂ ಕೂಡಿಡುತ್ತಿತ್ತು. ಮುಂದೆ ನೆನಪು ಸಡಿಲಾದಾಗ, ಮನಸ್ಸು ಯಾವುದೋ ಒಂದಕ್ಕಾಗಿ ತಡವರಿಸಿದ ಕೂಡಲೇ ಅದನ್ನು ಹುಡುಕಿಸಿ ನರಕ್ಕೆ ಮರಳಿಸುತ್ತಿತ್ತು. ಬಾಯಿಬಿಟ್ಟು ಕೇಳುವ ಅಗತ್ಯವಿರಲಿಲ್ಲ.

ಹುಡುಕುವ ಕೆಲಸ ಮಾತ್ರ ಗುಂಡಿಯದಲ್ಲ. ಬಾಗಲಕೋಟೆಯ ನವನಗರದ ಕೇಂದ್ರದಲ್ಲಿದ್ದ ಸರ್ವರಿನದು. ಜಿಲ್ಲೆಯಲ್ಲಿ ಆಸರೆ ತೊಟ್ಟ ಸಾವಿರದ ನೂರು ಜನರ ಬದುಕು ಅಲ್ಲಿನ ಡೇಟಾಬೇಸಿನಲ್ಲಿತ್ತು. ಆ ಸರ್ವರಿಗೆ ಎಷ್ಟು ಮೆಮೊರಿ ಬೇಕು ಎಂಬ ಅಂದಾಜು ಮಾಡಿದವಳು ಕೇಂದ್ರದ ಎಂಜಿನಿಯರ್ ದಾನೇಶ್ವರಿ. ಹೊಸಬರಿಗೆ ಆಕೆ ಹೀಗೆ ವಿವರಿಸುತ್ತಿದ್ದಳು: ಡಿಸ್ಕು ಕಣಜ, ಮೆಮೊರಿ ಅಂಗಳ. ಕಣಜ ಎಷ್ಟು ದೊಡ್ಡದಿದ್ದರೂ ಕಾಳನ್ನು ಹರವಿ ಆರಿಸಬೇಕಾದದ್ದು ಅಂಗಳದಲ್ಲೇ. ಅಂಗಳ ಸಾಲದಿದ್ದರೆ ಕಣಜ ತುಂಬಿದ್ದೂ ವ್ಯರ್ಥ.

ಅಂಗಳ ಇನ್ನೂರ ಐವತ್ತಾರು ಗಿಗಾಬೈಟು. ಯಂತ್ರದ ಸ್ವಂತ ನಿರ್ವಹಣೆಗೆ ಹದಿನಾರು ಕಳೆ. ಎಲ್ಲರಿಗೂ ಪದೇ ಪದೇ ಬೇಕಾಗುವ ಊರು, ಹಬ್ಬ, ಬಸ್ಸಿನ ವೇಳೆಗಳಂಥವನ್ನು ಕೈಯಳತೆಯಲ್ಲಿಡಲು ಅರವತ್ತನಾಲ್ಕು ಕಳೆ. ಉಳಿದದ್ದು ನೂರ ಎಪ್ಪತ್ತಾರು. ಒಂದೇ ಹೊತ್ತಿಗೆ ಹೆಚ್ಚೆಂದರೆ ನಾನೂರ ನಲವತ್ತು ಜನ ಏನನ್ನಾದರೂ ಹುಡುಕಿಯಾರು. ಒಂದು ಹುಡುಕಾಟಕ್ಕೆ ಇನ್ನೂರು ಮೆಗಾಬೈಟು. ಗುಣಿಸಿದರೆ ಎಂಬತ್ತೆಂಟು ಗಿಗಾಬೈಟು. ಅಂದರೆ ಬೇಕಾದುದರ ಎರಡರಷ್ಟು ಜಾಗ ಕೈಯಲ್ಲಿತ್ತು. ಗುಣಾಕಾರದಲ್ಲಿ ತಪ್ಪಿರಲಿಲ್ಲ.

ಆದರೂ ಸರ್ವರು ಬೀಳತೊಡಗಿತು.

“ಮೇಡಂ, ಮತ್ತ ಅಂಗಳ ತುಂಬೈತಿ,” ಎಂದ ಇರ್ಫಾನ್ ಮುಲ್ಲಾ. ನಿಯಂತ್ರಣ ಕೊಠಡಿಯಲ್ಲಿ ಪರದೆಗಳನ್ನು ಕಾಯುವುದು ಅವನ ಕೆಲಸ. “ನಿನ್ನಿನೂ ಇದ ಹೊತ್ತು. ದೀಪ ಹಚ್ಚೂದಕ್ಕೂ ಇದು ಏರೂದಕ್ಕೂ ಸರಿ ಹೊಂದತೈತಿ ನೋಡ್ರಿ.”

“ಯಾರನ್ನ ಹೊರಗ ಹಾಕ್ತು?”

“ಯಾರು ಭಾಳ ಜಾಗಾ ಹಿಡದಿದ್ರೋ ಅವರನ್ನ.”

ನಿಯಮ ಹಾಗಿತ್ತು. ಅಂಗಳ ತುಂಬಿ ಯಂತ್ರ ಉಸಿರು ಕಟ್ಟಿದಾಗ, ಅತಿ ಹೆಚ್ಚು ಜಾಗ ಹಿಡಿದವರ ಹುಡುಕಾಟವನ್ನು ಅದು ನಡುವೆಯೇ ಕಡಿದುಹಾಕುತ್ತಿತ್ತು. ದಾನೇಶ್ವರಿ ಪರದೆಯತ್ತ ಬಾಗಿದಳು. ಯಾರ ಹುಡುಕಾಟ ಎಷ್ಟು ಜಾಗ ಹಿಡಿದಿದೆ ಎಂದು ಕೇಂದ್ರದವರು ನೋಡಬಹುದಿತ್ತು. ಏನನ್ನು ಹುಡುಕುತ್ತಿದ್ದಾರೆಂದು ನೋಡುವಂತಿರಲಿಲ್ಲ. ಕಾನೂನು ಅದನ್ನು ತಡೆದಿತ್ತು. ಹೊರಬಿದ್ದವರ ಹುಡುಕಾಟಗಳು ಒಂದೊಂದೂ ಎರಡೆರಡು ಗಿಗಾಬೈಟು ಹಿಡಿದಿದ್ದವು; ಅಂದಾಜಿನ ಹತ್ತರಷ್ಟು. ಎಲ್ಲರೂ ಹೆಂಗಸರು. ಆ ಹೆಸರುಗಳ ನಡುವೆ ಶಿವಗಂಗವ್ವ ಎಂಬ ಹೆಸರೂ ಇತ್ತು. ಅದು ದಾನೇಶ್ವರಿಯ ತಾಯಿಯದು.

ಕೇಂದ್ರದ ನಿರ್ದೇಶಕರಾದ ಪಟ್ಟಣಶೆಟ್ಟರು ಚಹಾದ ಕಪ್ಪು ಹಿಡಿದುಕೊಂಡೇ ಒಳಗೆ ಬಂದರು.

“ಅಲ್ರೀ ಮೇಡಂ, ಬೇಕಾಗಿದ್ದಕ್ಕ ಡಬಲ್ ಇಟ್ಟೀನಿ ಅಂದಿದ್ರಿ. ಎಲ್ಲಿ ಹೋತ್ರಿ ಆ ಡಬಲ್ಲು?”

“ಅದನ್ನ ಹುಡುಕಾಕತ್ತೀನಿ ಸರ್.”

“ಇನ್ನಷ್ಟು ಮೆಮೊರಿ ಹಾಕಸೂಣೇನು?”

“ಇದರಾಗ ಹಾಕಾಕ ಜಾಗಾನ ಉಳದಿಲ್ಲ. ಹೊಸಾ ಮಿಷನ್ನು ಬರೂದು ಮುಂದಿನ ಬಜೆಟ್ಟಿಗೆ.”

ಪಟ್ಟಣಶೆಟ್ಟರು ಚಹಾ ಮುಗಿಸಿದರು. ಕೆಟ್ಟ ಮನುಷ್ಯರೇನಲ್ಲ, ಸಾವಿರ ಜನರ ಹೊಣೆ ಹೊತ್ತವರು. “ಹಂಗಾದ್ರ ಸೋಮವಾರದಿಂದ ಒಂದು ಮಿತಿ ಹಾಕಿಬಿಡ್ರಿ. ಇನ್ನೂರು ಮೆಗಾಬೈಟ್ ದಾಟಿದ ಹುಡುಕಾಟ ಅಲ್ಲೇ ನಿಲ್ಲಬೇಕು. ಆ ಕೆಲವು ಮಂದಿ ಸಲುವಾಗಿ ಎಲ್ಲಾರದೂ ಬೀಳೂದು ಬ್ಯಾಡ.”

ದಾನೇಶ್ವರಿ ಆದೇಶವನ್ನು ಬರೆದುಕೊಂಡಳು. ಲೆಕ್ಕದ ಪ್ರಕಾರ ಅವರ ಮಾತು ಸರಿಯಾಗಿತ್ತು.

ಮರುದಿನ ಆಕೆ ಬೇಗ ಮನೆಗೆ ಹೊರಟಳು. ತಂದೆತಾಯಿ ಆಕೆಯೊಂದಿಗೇ ಇದ್ದರು. ತಂದೆ ಮಹಾಗುಂಡಪ್ಪ ಬಾದಾಮಿಯ ದಾರಿಯಲ್ಲಿ ಬಸ್ಸು ನಡೆಸಿ ನಿವೃತ್ತನಾದವನು. ಆತನ ಡ್ಯೂಟಿ ಮುಗಿಯುತ್ತಿದ್ದುದು ಸಂಜೆ. ಕೈಹಿಡಿದಂದಿನಿಂದ ಶಿವಗಂಗವ್ವ ದೀಪ ಹಚ್ಚಿ, ಹಂಚು ಕಾಯಲಿಟ್ಟು, ಬಾಗಿಲ ಕಡೆ ಕಿವಿಯಿಟ್ಟು ಕಾದವಳು. ನಿವೃತ್ತಿ ಬಂದರೂ ಆ ಹೊತ್ತಿನ ಕಾತರ ನಿವೃತ್ತವಾಗಿರಲಿಲ್ಲ.

ಅಂದೂ ಆಕೆ ದೀಪ ಹಚ್ಚಿ ತಿರುಗಿದಳು. ಪಡಸಾಲೆಯಲ್ಲಿ ಮಹಾಗುಂಡಪ್ಪ ಶೇಂಗಾ ಸುಲಿಯುತ್ತಿದ್ದ. ಆಕೆ ನಿಂತಲ್ಲೇ ನಿಂತು ಆತನ ಮುಖವನ್ನು ನೋಡತೊಡಗಿದಳು. ಹಣೆ, ಹುಬ್ಬು, ಕಿವಿ, ಗದ್ದ, ಮತ್ತೆ ಹಣೆ. ಸಂತೆಯಲ್ಲಿ ಸೀರೆ ಆರಿಸುವವಳಂತೆ ಆತನನ್ನು ಒಂದೊಂದು ಅಂಚಿನಲ್ಲೂ ನೋಡುತ್ತಿದ್ದಳು. ಮಹಾಗುಂಡಪ್ಪ ಶೇಂಗಾ ಕೆಳಗಿಟ್ಟು, ಫೋಟೋಕ್ಕೆ ಕುಳಿತವನ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡ.

ಆಗ ದಾನೇಶ್ವರಿಯ ಫೋನು ಕೂಗಿತು. ಕೇಂದ್ರದಿಂದ ಎಚ್ಚರಿಕೆ: ಅಂಗಳ ತುಂಬಿದೆ. ಅದೇ ಕ್ಷಣ ಶಿವಗಂಗವ್ವ ಕಿವಿಯ ಹಿಂದೆ ಕೈಯಿಟ್ಟು ಬೆಚ್ಚಿದಳು.

“ದಾನೀ, ಇಲ್ಲಿ ಬಾರ ಬೇ. ಮನ್ಯಾಗ ಯಾರೋ ಗಂಡಸರು ಬಂದ ಕುಂತಾರ. ಮೊದಲ ಹೊರಗ ಕಳಸು. ನಮ್ಮ ಮನಿಯವರು ಬರೂ ಹೊತ್ತಾತು, ನೋಡಿದ್ರ ಏನಂದಾರು?”

“ಅವ್ವಾ, ಅಪ್ಪ ಬೇ.”

“ಯಾರ ಅಪ್ಪ? ಕಳಸು ಅಂದ್ರ ಕಳಸು.”

ಮಹಾಗುಂಡಪ್ಪ ಎದ್ದು ಚಪ್ಪಲಿ ಮೆಟ್ಟಿದ. “ಬಿಡು ದಾನೀ. ನಾ ಕಟ್ಟಿ ಮ್ಯಾಲ ಕುಂದರತೀನಿ. ಆಕೀಗೆ ಅಂಜಿಕಿ ಆಗೂದು ಬ್ಯಾಡ.” ಬಾಗಿಲು ದಾಟುವಾಗ ಹೆಂಡತಿಗೆ ಅಪರಿಚಿತನಂತೆ ಕೈಮುಗಿದು, “ಬರತೀನ್ರಿ ಅಕ್ಕಾರ,” ಎಂದ. ನಗಿಸಲು ಹೇಳಿದ ಮಾತು. ಯಾರೂ ನಗಲಿಲ್ಲ.

ಹೊರಗೆ ಕಟ್ಟೆಯ ಮೇಲೆ ಮಗಳು ಆತನ ಪಕ್ಕ ಕುಳಿತಳು. “ದಿನಾ ಹಿಂಗ ಏನಪ್ಪ?”

“ಎರಡ ದಿನ ಗುರ್ತ ಹತ್ತತೈತಿ, ಎರಡ ದಿನ ಹತ್ತೂದಿಲ್ಲ. ಹತ್ತಿದ್ರ ಬೈತಾಳ, ಹತ್ತದಿದ್ರ ಅಂಜತಾಳ. ಬೈಗಳಾನ ಚಲೋ.”

ದಾನೇಶ್ವರಿಗೆ ಒಂದು ಸಂಗತಿ ಸ್ಪಷ್ಟವಾಗಿತ್ತು: ಎರಡು ಗಿಗಾಬೈಟಿನ ಹುಡುಕಾಟ ಅಪ್ಪನಿಗಾಗಿಯೇ. ಏಕೆ ಎಂಬುದು ಮಾತ್ರ ತಿಳಿಯಲಿಲ್ಲ. ಮಗಳನ್ನು, ಓಣಿಯವರನ್ನು, ಹಾಲಿನವನನ್ನು ಸಹ ಅವ್ವ ಕಣ್ಣುಮುಚ್ಚಿ ತೆರೆಯುವುದರೊಳಗೆ ಗುರುತಿಸುತ್ತಿದ್ದಳು. ಅರ್ಧ ಶತಮಾನ ಜೊತೆಗಿದ್ದವನಿಗೇ ಏಕೆ ಇಷ್ಟೊಂದು ಅಂಗಳ ಬೇಕು?

ಒಳಗೆ ಹೋಗಿ ಸಹಜವಾಗಿ ಕೇಳಿದಳು. “ಅವ್ವಾ, ಅಪ್ಪನ ಹೆಸರೇನ ಬೇ?”

ಗಂಡನ ಮುಖ ಮರೆತವಳು ಈ ಪ್ರಶ್ನೆಗೆ ಮಾತ್ರ ತಡವರಿಸಲಿಲ್ಲ. “ಗಂಡನ ಹೆಸರ ಹಿಡೀತಾರೇನ ಹುಚ್ಚೀ? ಆಯುಷ್ಯ ಕಮ್ಮಿ ಆಗತೈತಿ. ಓದಿಸಿದ್ದ ದಂಡ ನಿನ್ನ.”

ಮರುದಿನ ಕೇಂದ್ರದಲ್ಲಿ ದಾನೇಶ್ವರಿ ಇದನ್ನು ಹೇಳಿದಾಗ ಇರ್ಫಾನ್ ಕುರ್ಚಿಯನ್ನು ಗರ್ರನೆ ತಿರುಗಿಸಿದ.

“ಮೇಡಂ, ನಮ್ಮನ್ಯಾಗೂ ಅಷ್ಟ. ನಮ್ಮಮ್ಮಿ ಅಬ್ಬಾನ ಹೆಸರ ಕರದಿದ್ದ ನಾ ಕೇಳೇ ಇಲ್ಲ. ‘ಇರ್ಫಾನನ ಅಬ್ಬಾ’ ಅಂತಾಳ. ನಾಳೆ ಆಕೀಗೂ ಈ ಗುಂಡಿ ತೊಡಿಸಿದ್ರ ಗಂಡನ್ನ ಹುಡುಕಂದ್ರ ನನ್ನ ಹಿಡಕೊಂಡ ಬರತೈತಿ ನಿಮ್ಮ ಮಿಷನ್ನು.”

ಆಕೆ ನಗಲು ಹೊರಟವಳು ಅರ್ಧಕ್ಕೇ ನಿಂತಳು.

ಡೇಟಾಬೇಸು ನೆನಪುಗಳನ್ನು ಹೆಸರಿನ ಮೇಲೆ ಜೋಡಿಸಿಡುತ್ತಿತ್ತು. ಪ್ರತಿ ಹೆಸರಿಗೂ ಒಂದೊಂದು ಗಡಿಗೆ. ಹುಡುಕುವಾಗ ಆ ಗಡಿಗೆಯೊಂದನ್ನು ಅಂಗಳಕ್ಕೆ ತಂದರೆ ಸಾಕು. ಮುಖದಿಂದಲೋ ದನಿಯಿಂದಲೋ ಮನುಷ್ಯರನ್ನು ಗುರುತಿಸುವ ಯಂತ್ರಗಳನ್ನು ಕಾನೂನು ಆ ವೇಳೆಗೆ ನಿಷೇಧಿಸಿತ್ತು. ಆದ್ದರಿಂದ ಗಡಿಗೆಯ ಮೇಲಿನ ಗುರುತು ಒಂದೇ: ತೊಟ್ಟವರ ಬಾಯಿಂದಲೇ ಬಂದ ಹೆಸರು. ಶಿವಗಂಗವ್ವ ಗಂಡನ ಹೆಸರನ್ನು ಒಮ್ಮೆಯೂ ಆಡಿರಲಿಲ್ಲ. ‘ಇವರು’, ‘ನಮ್ಮ ಮನಿಯವರು’, ‘ಕೇಳಸ್ತೇನ್ರಿ’. ಆತನಿಗೆ ಗಡಿಗೆಯೇ ಇರಲಿಲ್ಲ; ಆತ ಕಣಜದ ತುಂಬ ಚೆಲ್ಲಿಹೋಗಿದ್ದ. ಆತನನ್ನು ಹುಡುಕಲು ಯಂತ್ರ ಪ್ರತಿ ಸಂಜೆ ಆಕೆಯ ಇಡೀ ಬದುಕನ್ನು ಅಂಗಳಕ್ಕೆ ಸುರಿದು ಕಾಳುಕಾಳಾಗಿ ಆರಿಸಬೇಕಾಗಿತ್ತು.

ದಾನೇಶ್ವರಿ ಲೆಕ್ಕವನ್ನು ಮತ್ತೆ ಮಾಡಿದಳು. ಅಂಥ ಹೆಂಗಸರು ತೊಂಬತ್ತು ಜನ ಒಟ್ಟಿಗೆ ಗಂಡನಿಗಾಗಿ ತಡವರಿಸಿದರೆ ನೂರ ಎಂಬತ್ತು ಗಿಗಾಬೈಟು. ಇದ್ದದ್ದು ನೂರ ಎಪ್ಪತ್ತಾರು. ಗಂಡ ಮನೆಗೆ ಬರುವ ಹೊತ್ತು ಇಡೀ ಜಿಲ್ಲೆಗೆ ಒಂದೇ. ಅಂದಾಜಿಗೆ ಮುನ್ನ ಆಕೆ ಪರೀಕ್ಷೆ ನಡೆಸಿದ್ದು ಕೇಂದ್ರದ ನೌಕರರ ಮೇಲೆ. ಅವರೆಲ್ಲ ಹೆಸರು ಹಿಡಿದು ಕರೆಯುವವರು. ಆಕೆಯೂ ತನ್ನ ಗಂಡನನ್ನು ಹೆಸರು ಹಿಡಿದೇ ಕರೆಯುತ್ತಿದ್ದಳು. ತಾನು ಬೆಳೆದ ಮನೆಯಲ್ಲಿ ಒಂದು ಹೆಸರು ಎಂದೂ ಕೇಳಿಬರಲಿಲ್ಲವೆಂಬುದನ್ನು ಆಕೆ ಲೆಕ್ಕಕ್ಕೆ ಹಿಡಿದಿರಲಿಲ್ಲ.

“ಅದಕ್ಕೇನು, ಹೆಸರ ನೀವ ತುಂಬಿಬಿಡ್ರಿ,” ಎಂದರು ಪಟ್ಟಣಶೆಟ್ಟರು.

“ಒಬ್ಬರ ನೆನಪಿನಾಗ ಇನ್ನೊಬ್ಬರು ಬರಿಯೂ ಹಂಗಿಲ್ಲ ಸರ್. ಅವರ ಬಾಯಿಲೇ ಬರಬೇಕು.”

“ಬರತೈತೇನು?”

“ಬರೂದಿಲ್ಲ.”

“ಮತ್ತ ಸೋಮವಾರದ ಮಿತಿ ಸೋಮವಾರಕ್ಕನ ನೋಡ್ರಿ,” ಎಂದು ಅವರು ಎದ್ದರು. ಬಾಗಿಲ ಬಳಿ ನಿಂತು, “ನಮ್ಮವ್ವ ನಮ್ಮಪ್ಪಗ ‘ಧಣಿ’ ಅಂತಿದ್ಲು,” ಎಂದು ತಮಗೇ ಎಂಬಂತೆ ಹೇಳಿ ಹೋದರು.

ಶನಿವಾರ ದಾನೇಶ್ವರಿ ಅವ್ವನನ್ನು ಬೇಡಿಕೊಂಡಳು. ಗದರಿಸಿದಳು. ಡಾಕ್ಟರು ಕೇಳಿದ್ದಾರೆ ಎಂದಳು. “ಡಾಕ್ಟರು ತಮ್ಮ ಹೇಣ್ತಿ ಬಾಯಿಲೆ ತಮ್ಮ ಹೆಸರ ಹೇಳಸ್ಕೊಳ್ಳಿ,” ಎಂದಳು ಶಿವಗಂಗವ್ವ. ಮಹಾಗುಂಡಪ್ಪನೂ ಪ್ರಯತ್ನಿಸಿದ. “ಹೇಳಿಬಿಡ. ನಂದೇನು ಆಯುಷ್ಯ ಭಾಳ ಉಳದೈತಿ, ಕಮ್ಮಿ ಆಗಾಕ?” ಆಕೆಗೆ ಆಗ ಆತನ ಗುರುತು ಹತ್ತಿತ್ತು. ಕಣ್ಣಲ್ಲಿ ನೀರು ತುಂಬಿಕೊಂಡು, “ಬಿಡ್ತು ಅನ್ರಿ,” ಎಂದಳಷ್ಟೇ.

ಇನ್ನು ಬಲವಂತ ಸಲ್ಲದೆಂದು ಮಗಳಿಗೆ ಅರಿವಾಯಿತು. ಆದರೆ ಹೆಂಗಸರು ಗಂಡನ ಹೆಸರನ್ನು ಎಲ್ಲಿಯೂ ಹೇಳುವುದೇ ಇಲ್ಲವೇ? ಮದುವೆಮನೆ, ಸೀಮಂತ, ತೊಟ್ಟಿಲು. ಆಕೆಗೆ ಹೊಸ್ತಿಲು ಕಣ್ಣಿಗೆ ಕಟ್ಟಿತು. ಒಳಬರುವ ಮದುಮಗಳನ್ನು ನಾದಿನಿ ಅಡ್ಡಗಟ್ಟುತ್ತಾಳೆ. ಹೆಸರು ಹೇಳದೆ ಬಿಡುವುದಿಲ್ಲ. ಮದುಮಗಳು ಬರಿಯ ಹೆಸರನ್ನು ಹೇಳುವುದಿಲ್ಲ. ಒಡಪು ಕಟ್ಟಿ, ಪ್ರಾಸದ ನಡುವೆ ಹೆಸರನ್ನು ಕೂರಿಸಿ ಹೇಳುತ್ತಾಳೆ. ಒಡಪಿನಲ್ಲಿ ಬಂದ ಹೆಸರಿಗೆ ದೋಷವಿಲ್ಲ, ಅದು ಶೋಭೆ.

ಭಾನುವಾರ ಮಧ್ಯಾಹ್ನ ಮಹಾಗುಂಡಪ್ಪನ ತಂಗಿ ನೀಲವ್ವ ಕೆರೂರಿನಿಂದ ಬಂದಿಳಿದಳು. ದಾನೇಶ್ವರಿ ಫೋನಿನಲ್ಲಿ ಎಲ್ಲವನ್ನೂ ವಿವರಿಸಿದ್ದಳು. ನೀಲವ್ವನಿಗೆ ಗಿಗಾಬೈಟು ತಿಳಿಯಲಿಲ್ಲ, ಅತ್ತಿಗೆಯನ್ನು ಅಡ್ಡಗಟ್ಟಬೇಕೆಂಬುದು ಚೆನ್ನಾಗಿ ತಿಳಿಯಿತು. ಹೊತ್ತು ಇಳಿಯುವ ವೇಳೆಗೆ ಶಿವಗಂಗವ್ವ ಹಿತ್ತಿಲಿನಿಂದ ಒಣಗಿದ ಬಟ್ಟೆ ತಂದಳು. ನೀಲವ್ವ ಹೊಸ್ತಿಲಿನ ಮೇಲೆ ಎರಡೂ ಕೈ ಚಾಚಿ ನಿಂತಿದ್ದಳು.

“ಸರಿ ನೀಲವ್ವ, ಕೈಯಾಗ ಅರಿವಿ ಅದಾವ.”

“ಹೆಸರ ಹೇಳು, ಸರೀತೀನಿ.”

“ಯಾರ ಹೆಸರು?”

“ನಮ್ಮಣ್ಣಂದು. ಹೇಳದಿದ್ರ ಇವತ್ತ ಹಿತ್ತಲದಾಗ ಮಲಗು. ನಂದೇನ ಹೋತು?”

“ಮುದುಕಿ ಆದ್ಯೋ ಹುಡುಗಿ ಆದ್ಯೋ? ಸರಿ ಅಂದ್ರ!”

“ಹೂಂ, ಮರತೀ ಅನ್ನು. ಒಡಪ ಮರತಾಳ ನಮ್ಮ ವೈನಿ! ಓಣ್ಯಾಗ ಹೇಳಿ ಬರತೀನಿ ತಡಿ.”

ಅದು ತಾಗಿತು. ಶಿವಗಂಗವ್ವ ಬಟ್ಟೆಯ ಗಂಟನ್ನು ಸೊಂಟಕ್ಕೆ ಒತ್ತಿ ಹಿಡಿದು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಪಡಸಾಲೆಯಲ್ಲಿ ಕುಳಿತಿದ್ದ ಮಹಾಗುಂಡಪ್ಪ ಹೊಸ್ತಿಲ ಕಡೆ ತಿರುಗಿದ. ಆಕೆ ಗೋಡೆಯತ್ತ ಮುಖ ತಿರುಗಿಸಿ, ಸಣ್ಣ ದನಿಯಲ್ಲಿ, ಒಂದೇ ಓಟದಲ್ಲಿ ಹೇಳಿದಳು:

“ಘಾಟ ಇಳದ ಬಂತ ಬಸ್ಸು, ಬಾಗಿಲದಾಗ ಹಚ್ಚೀನಿ ದೀಪ,
ಮಹಾಗುಂಡಪ್ಪನವರು ಮನಿಗಿ ಬಂದ್ರ ಎಲ್ಲಿ ಉಳದೀತ ಕೋಪ?”

ನೀಲವ್ವ ಕೈ ಇಳಿಸಿದಳು. ಅವಳ ಬಾಯಿ ತೆರೆದೇ ಇತ್ತು. “ಅಣ್ಣಾ, ಇದು ಮದುವ್ಯಾಗ ಹೇಳಿದ್ದಲ್ಲೋ.”

“ಮದುವಿ ಆದಾಗ ನನಗ ಬಸ್ಸ ಎಲ್ಲಿತ್ತ? ಎತ್ತ ಕಾಯತಿದ್ದೆ,” ಎಂದ ಮಹಾಗುಂಡಪ್ಪ. “ಇದು ಹೊಸಾದು. ಈಗ ಕಟ್ಟ್ಯಾಳ.” ಮುಂದೆ ಏನೋ ಹೇಳಹೋಗಿ, ಟವೆಲಿನಿಂದ ಮುಖವನ್ನು ಬಹಳ ಹೊತ್ತು ಒರೆಸಿಕೊಂಡ.

ಶಿವಗಂಗವ್ವ ಒಳಗೆ ಹೋಗಿ ಬಟ್ಟೆ ಮಡಿಸತೊಡಗಿದ್ದಳು.

ಹೆಸರು ಸಿಕ್ಕಿದ ಮೇಲೆ ಉಳಿದದ್ದು ಯಂತ್ರದ ಕೆಲಸ. ಬಳಕೆ ಕಡಿಮೆಯಿದ್ದ ವೇಳೆಯಲ್ಲಿ ಅದು ಶಿವಗಂಗವ್ವನ ಕಣಜವನ್ನು ಕೊನೆಯ ಬಾರಿಗೆ ಪೂರ್ತಿ ಹರವಿ, ‘ಇವರು’ ಎಂದಿದ್ದಲ್ಲೆಲ್ಲ ಮಹಾಗುಂಡಪ್ಪನನ್ನು ಆರಿಸಿ ಗಡಿಗೆಯಲ್ಲಿ ತುಂಬಿತು. ದಾನೇಶ್ವರಿ ನೋಡುತ್ತಿದ್ದ ಪರದೆಯ ಮೇಲೆ ಅದು ಬರಿಯ ಒಂದು ಅಂಕಿ. ಬೇರಾವ ಹೆಸರಿನ ಗಡಿಗೆಯೂ ಅದರ ಕಾಲುಭಾಗಕ್ಕೆ ಬರುತ್ತಿರಲಿಲ್ಲ, ಮಗಳದೂ ಬರುತ್ತಿರಲಿಲ್ಲ. ಆಕೆ ಆ ಅಂಕಿಯನ್ನು ಎರಡು ಸಲ ನೋಡಿದಳು.

ಸೋಮವಾರ ಸಂಜೆ ತಾಯಿಯ ಹುಡುಕಾಟ ಹಿಡಿದ ಜಾಗ ನೂರ ಇಪ್ಪತ್ತು ಮೆಗಾಬೈಟು. ಪಟ್ಟಣಶೆಟ್ಟರು ಪರದೆ ನೋಡಿ ಮಿತಿಯ ಆದೇಶವನ್ನು ಹಿಂದಕ್ಕೆ ತೆಗೆದುಕೊಂಡರು. ಬದಲಿಗೆ ಆಶಾ ಕಾರ್ಯಕರ್ತೆಯರಿಗೆ ಒಂದು ಸೂಚನೆ ಹೋಯಿತು. ಸರ್ಕಾರಿ ಭಾಷೆಯಲ್ಲಿ ಅದನ್ನು ಬರೆಯುವುದು ಪಟ್ಟಣಶೆಟ್ಟರಿಗೆ ಕಷ್ಟವಾಯಿತು: ಹೊಸ್ತಿಲಲ್ಲಿ ಅಡ್ಡ ನಿಲ್ಲತಕ್ಕದ್ದು, ಒಡಪು ಹೇಳುವವರೆಗೆ ಸರಿಯಕೂಡದು.

ಇಳಕಲ್ಲಿನಲ್ಲಿ, ಮುಧೋಳದಲ್ಲಿ, ಹುನಗುಂದದಲ್ಲಿ ಮುದುಕಿಯರು ಹೊಸ್ತಿಲಲ್ಲಿ ತಡೆಯಲ್ಪಟ್ಟರು. ಒಬ್ಬಳು, ಮೊದಲು ನಿನ್ನ ಗಂಡನ ಹೆಸರು ಹೇಳು ಎಂದು ಕಾರ್ಯಕರ್ತೆಯನ್ನೇ ಅಡ್ಡಗಟ್ಟಿದಳು. ಇನ್ನೊಬ್ಬಳು ಒಂದರ ಮೇಲೊಂದು ಏಳು ಒಡಪು ಹೇಳಿ, ಸೊಸೆಯಂದಿರು ಸಾಕೆಂದರೂ ನಿಲ್ಲಿಸಲಿಲ್ಲ. ಕೆಲವರು ಕೊನೆಗೂ ಹೇಳಲಿಲ್ಲ. ಅವರಿಗಾಗಿ ದಾನೇಶ್ವರಿ ಎರಡೆರಡು ಗಿಗಾಬೈಟನ್ನು ತೆಗೆದಿರಿಸಿದಳು. ಹೊಸ ಲೆಕ್ಕದಲ್ಲಿ ಅದಕ್ಕೆ ಜಾಗವಿತ್ತು. ಸಂಜೆಯ ಏರು ತಗ್ಗಿತು. ಸರ್ವರು ಮತ್ತೆ ಬೀಳಲಿಲ್ಲ.

ಇದಾಗಿ ಕೆಲವು ವಾರಗಳ ಮೇಲೆ, ಮಗಳು ಮನೆಗೆ ಬಂದು ಕೈಕಾಲು ತೊಳೆಯುತ್ತಿದ್ದಾಗ ಮಹಾಗುಂಡಪ್ಪ ಹತ್ತಿರ ಬಂದು ನಿಂತ.

“ದಾನೀ, ನಿನ್ನ ಮಿಷನ್ನು ಈಗ ಭಾಳ ಚುರುಕಾಗೈತಿ.”

“ಚಲೋ ಆತಲ್ಲಪ್ಪ.”

“ಚಲೋ ಆತು. ಯಾರು ಅಲ್ಲಂದ್ರು?” ಆತ ಅಡುಗೆಮನೆಯತ್ತ ನೋಡಿ ದನಿ ತಗ್ಗಿಸಿದ. “ಮೊದಲ ಹುಡುಕಾಕ ಹೊತ್ತ ಹಿಡೀತಿತ್ತು. ಅದು ಹುಡುಕೂ ತನಕಾ ನಿಮ್ಮವ್ವ ನನ್ನ ಮಾರಿ ನೋಡತಿದ್ಲು. ಇಷ್ಟ ವರ್ಷ ಸಂಸಾರ ಮಾಡೇವಿ, ಒಂದಿನಾ ಹಂಗ ನೋಡಿದ್ದಿಲ್ಲ. ನೋಡಾಕ ಪುರಸೊತ್ತ ಎಲ್ಲಿತ್ತ ಆಕೀಗೆ? ಈಗ ಫಟ್ಟನ ಗುರ್ತ ಹತ್ತತೈತಿ. ‘ಬಂದ್ರ್ಯಾ’ ಅಂತಾಳ, ರೊಟ್ಟಿ ಬಡಿಯಾಕ ಹೋಗತಾಳ.”

“ಅದಕ್ಕ?”

“ಏನಿಲ್ಲ. ಸ್ವಲ್ಪ ನಿಧಾನ ಮಾಡಾಕ ಬರತೈತೇನು? ಎಲ್ಲಾರಿಗೂ ಅಲ್ಲ. ಇದೊಂದ ಮನಿಗೆ.”

ಎರಡು ಗಿಗಾಬೈಟು. ಮನಸ್ಸು ಮಾಡಿದರೆ ದಾನೇಶ್ವರಿಗೆ ಅದು ಕಷ್ಟವಲ್ಲ. ಆದರೆ ಅಂಗಳ ಸಾವಿರದ ನೂರು ಜನರದು. ಅಪ್ಪನ ಸಲುವಾಗಿ ಅವ್ವನನ್ನು ಕತ್ತಲಲ್ಲಿ ನಿಲ್ಲಿಸುವುದು ಯಾವ ಲೆಕ್ಕಕ್ಕೂ ಹೊಂದುವುದಿಲ್ಲ. “ಆಗೂದಿಲ್ಲಪ್ಪ,” ಎಂದಳು.

“ಹಾಂ, ಆಗೂದಿಲ್ಲ. ನನಗ ಗೊತ್ತಿತ್ತ. ಸುಮ್ಮ ಕೇಳಿದೆ.” ಆತ ಪಡಸಾಲೆಗೆ ಹೋಗಿ ಶೇಂಗಾದ ಬುಟ್ಟಿ ಎಳೆದುಕೊಂಡ.

ಶಿವಗಂಗವ್ವ ದೀಪ ಹಚ್ಚಿ ಹೊರಬಂದಳು. “ಬಂದ್ರ್ಯಾ,” ಎಂದಳು. ಬಳಿಕ ಅಡುಗೆಮನೆಗೆ ಹಿಂದಿರುಗದೆ ಆತನ ಎದುರಿಗೆ ಗೋಡೆಗೊರಗಿ ಕುಳಿತಳು. ಕುಳಿತು ಆತನ ಮುಖವನ್ನು ನೋಡತೊಡಗಿದಳು.

ಮಹಾಗುಂಡಪ್ಪನ ಕೈ ನಿಂತಿತು. “ಏನ? ಗುರ್ತ ಹತ್ತಲಿಲ್ಲೇನ?”

ಆಕೆಯ ಕಣ್ಣು ಹಣೆಯಿಂದ ಹುಬ್ಬಿಗೆ ಇಳಿಯಿತು. ದಾನೇಶ್ವರಿ ಕೈ ತೊಳೆಯುವುದನ್ನು ಅರ್ಧಕ್ಕೇ ಬಿಟ್ಟಳು. ಒದ್ದೆ ಕೈಯಲ್ಲೇ ಫೋನು ತೆಗೆದು ಕೇಂದ್ರದ ಪರದೆಯನ್ನು ತೆರೆದಳು. ಅಂಗಳದಲ್ಲಿ ನೂರಾರು ಹುಡುಕಾಟಗಳು ನಡೆದಿದ್ದವು. ಶಿವಗಂಗವ್ವನ ಹೆಸರಿನ ಮುಂದೆ ಇದ್ದದ್ದು ಸೊನ್ನೆ. ಆಕೆ ಏನನ್ನೂ ಹುಡುಕುತ್ತಿರಲಿಲ್ಲ.

“ಗುರ್ತಕ್ಕೇನಾಗೈತಿ?” ಎಂದಳು ಶಿವಗಂಗವ್ವ, ಕಣ್ಣು ತೆಗೆಯದೆ. “ನೋಡೂವಂಥಾದ್ದು ಏನೂ ಇಲ್ಲ ಅದರಾಗ. ಆದ್ರೂ ನೋಡಾಕತ್ತೀನಿ. ಅಲಗ್ಯಾಡದ ಕುಂದರ್ರಿ.”

ಮಹಾಗುಂಡಪ್ಪ ಅಲುಗಾಡದೆ ಕುಳಿತ.